ಮೂವತ್ತೇಳು ಹಲ್ಲಿನ ಚಕ್ರ

ವಿಂಟೇಜ್ ಎಂಬ ಮಾತು ನನ್ನ ಕಿವಿಗೆ ಮೊದಲು ಬಿದ್ದದ್ದು ಬಿಳಿ ಶೂ ಹಾಕಿಕೊಂಡಿದ್ದ ಒಬ್ಬ ಆಸಾಮಿಯ ಬಾಯಿಂದ. ಪೀಣ್ಯದಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ರಸ್ತೆಯ ಧೂಳೆಲ್ಲ ನಮ್ಮ ಲೇತ್ ಶೆಡ್ಡಿನೊಳಗೇ ಬಂದು ಕೂರುತ್ತಿತ್ತು. ನೆಲದ ತುಂಬ ಎಣ್ಣೆ, ಅದರ ಮೇಲೆ ಕಬ್ಬಿಣದ ಚೂರು. ಅಂಥ ಜಾಗಕ್ಕೆ ಬಿಳಿ ಶೂ ಹಾಕಿಕೊಂಡು ಬರುವವನ ತಲೆಯಲ್ಲಿ ಏನಿರಬಹುದು ಎಂದು ನಾನು ಅಲ್ಲೇ ತೀರ್ಮಾನ ಮಾಡಿದೆ. ವೈಟ್‌ಫೀಲ್ಡ್ ಕಡೆಯ ಹೊಸ ಹೋಟೆಲುಗಳಿಗೆ ಗೋಡೆ ಅಲಂಕಾರ ಮಾಡಿಕೊಡುವವನಂತೆ. ನಮ್ಮ ಚಿಕ್ಕ ಯಜಮಾನ ಅವನನ್ನು ಮೂಲೆಯ ರ್ಯಾಕಿನ ಮುಂದೆ ನಿಲ್ಲಿಸಿದ. ಅವನು ಎರಡೂ ಕೈ ಕೆನ್ನೆಗೆ ಒತ್ತಿಕೊಂಡು, "ಅಯ್ಯೋ ಗುರು, ಸಕ್ಕತ್ ವಿಂಟೇಜ್!" ಎಂದ.

ಆ ರ್ಯಾಕಿನಲ್ಲಿದ್ದದ್ದು ನಮ್ಮ ಹಳೆಯ ಅಟ್ಯಾಚ್‌ಮೆಂಟುಗಳು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬರೀ ಲೇತ್ ಇದ್ದರೆ ಕಬ್ಬಿಣವನ್ನು ದುಂಡಗೆ ಕಡೆಯಬಹುದು, ಬರೀ ಮಿಲ್ಲಿಂಗ್ ಮಷೀನ್ ಇದ್ದರೆ ನೇರಕ್ಕೆ ಕೆರೆಯಬಹುದು, ಅಷ್ಟೇ. ಚೆಂಡಿನಂಥ ಆಕಾರ ಬೇಕು, ತೂತಿನೊಳಗೆ ಗಾಡಿ, ಅಂದರೆ ಉದ್ದನೆಯ ಸೀಳು ಬೇಕು, ಸುತ್ತಲೂ ಹಲ್ಲು ಬೇಕು ಎಂದರೆ ಒಂದೊಂದಕ್ಕೂ ಒಂದೊಂದು ಸಾಮಾನು ತಂದು ಮಷೀನಿಗೆ ಕಟ್ಟಬೇಕು. ಮುಚ್ಚಿಹೋದ ಒಂದು ಕಾರ್ಖಾನೆಯ ಹರಾಜಿನಲ್ಲಿ ದೊಡ್ಡ ಯಜಮಾನರು ಇವನ್ನೆಲ್ಲ ಎತ್ತಿ ತಂದಿದ್ದರು. ಅವರು ಮಂಡಿ ನೋವೆಂದು ಮನೆಯಲ್ಲಿ ಕೂತ ಮೇಲೆ ಮಗ ಬಂದ. ಎಂಬಿಎ ಓದಿದವನು. ಕಂಪ್ಯೂಟರಿನಲ್ಲಿ ಓಡುವ ಎರಡು ಮಷೀನ್ ತಂದು ಗಾಜಿನ ಕೋಣೆ ಕಟ್ಟಿ, ಎಸಿ ಹಾಕಿಸಿ ಕೂರಿಸಿದ. ಅದನ್ನು ನಡೆಸುವ ಹುಡುಗರು ಬಟನ್ ಒತ್ತಿ ಮೊಬೈಲ್ ನೋಡುತ್ತಾ ನಿಲ್ಲುತ್ತಿದ್ದರು. ಅದಕ್ಕೆ ಕೆಲಸ ಅಂತ ಹೆಸರು.

ಮೊದಲು ಹೋದದ್ದು ಸ್ಲಾಟಿಂಗ್ ಹೆಡ್, ಅಂದರೆ ತೂತಿನೊಳಗೆ ಗಾಡಿ ಹೊಡೆಯುವ ಅಟ್ಯಾಚ್‌ಮೆಂಟು. ಬಿಳಿ ಶೂನವನು ಅದನ್ನು ಕೊಂಡ. ಭಾರದ್ದು, ಗೋಡೆಗೆ ಬಿಗಿಯಲು ಅವರ ಕೈಲಿ ಆಗುವುದಿಲ್ಲ ಎಂದು ಚಿಕ್ಕ ಯಜಮಾನ ನನ್ನನ್ನೂ ಟೆಂಪೊದಲ್ಲಿ ಕಳಿಸಿದ. ವೈಟ್‌ಫೀಲ್ಡ್ ಮುಟ್ಟುವಷ್ಟರಲ್ಲಿ ಅರ್ಧ ದಿನ ಹೋಯಿತು. ಅಲ್ಲಿ ಅದಕ್ಕೆ ಚಿನ್ನದ ಬಣ್ಣ ಬಳಿದರು. ಉಳಿ ಹಿಡಿಯುವ ಜಾಗಕ್ಕೆ ಒಂದು ಬಲ್ಬು ಸಿಕ್ಕಿಸಿದರು. ಎಲ್ಲಕ್ಕಿಂತ ಹೆಚ್ಚಾಗಿ, ತಲೆಕೆಳಗಾಗಿ ಬಿಗಿಯಲು ಹೇಳಿದರು.

"ಸ್ವಾಮಿ, ಇದು ಉಲ್ಟಾ ಆಯ್ತು" ಎಂದೆ.

"ಇರ್ಲಿ ಅಂಕಲ್. ಯಾರಿಗ್ ಗೊತ್ತಾಗತ್ತೆ?" ಎಂದ ಬಿಳಿ ಶೂ.

ನಿಜ ಹೇಳಬೇಕೆಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ. ಮಧ್ಯಾಹ್ನ ಊಟ ಕೊಟ್ಟರು. ರಾಗಿ ಮುದ್ದೆಯನ್ನು ಚಾಕುವಿನಲ್ಲಿ ಬಿಲ್ಲೆ ಬಿಲ್ಲೆ ಕತ್ತರಿಸಿ ಎಣ್ಣೆಯಲ್ಲಿ ಹುರಿದು ತಂದಿಟ್ಟರು. ನಾನು ಲಗ್ಗೆರೆಯವನು, ಅಲ್ಲೇ ಹುಟ್ಟಿ ಬೆಳೆದವನು, ಮುದ್ದೆಗೆ ಇಂಥ ಗತಿ ಬಂದದ್ದನ್ನು ಎಲ್ಲೂ ನೋಡಿರಲಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿ ಎದ್ದುಬಂದೆ.

ಮುಂದಿನ ವಾರ ಅವನು ಕೈ ಹಾಕಿದ್ದು ಡಿವೈಡಿಂಗ್ ಹೆಡ್ಡಿಗೆ. ಉಳಿದದ್ದೆಲ್ಲ ಶೆಡ್ಡಿನ ಸಾಮಾನು, ಇದೊಂದು ನನ್ನದು. ನಾನು ದುಡ್ಡು ಕೊಟ್ಟು ಕೊಂಡದ್ದಲ್ಲ, ಆದರೆ ಇಪ್ಪತ್ತು ವರ್ಷ ಇದರ ಹಿಡಿ ತಿರುಗಿಸಿದ್ದು ನನ್ನ ಕೈ ಒಂದೇ. ಚಕ್ರದ ಸುತ್ತ ಸರಿಸಮನಾಗಿ ಹಲ್ಲು ಕತ್ತರಿಸುವುದಕ್ಕೆ ಇರುವುದು ಇದು. ಹಿಡಿಯನ್ನು ನಲವತ್ತು ಸುತ್ತು ತಿರುಗಿಸಿದರೆ ಒಳಗೆ ಕಟ್ಟಿದ ಚಕ್ರ ಒಂದು ಸುತ್ತು ತಿರುಗುತ್ತದೆ. ಹಿಡಿಯ ಹಿಂದೆ ಒಂದು ಕಬ್ಬಿಣದ ತಟ್ಟೆ. ಅದರ ತುಂಬ ಬಳೆ ಬಳೆಯಾಗಿ ಸಣ್ಣ ತೂತುಗಳು, ಒಂದೊಂದು ಬಳೆಯಲ್ಲಿ ಒಂದೊಂದು ಸಂಖ್ಯೆ. ಒಂದು ಹಲ್ಲು ಕತ್ತರಿಸಿದ ಮೇಲೆ ಇಷ್ಟು ಸುತ್ತು, ಅದರ ಮೇಲೆ ಇಷ್ಟು ತೂತು ಮುಂದೆ ಹೋಗಿ ಹಿಡಿಯ ಪಿನ್ನು ಕೂರಿಸಿ, ಮುಂದಿನ ಹಲ್ಲು ಕತ್ತರಿಸಬೇಕು. ಎಣಿಕೆ ತಪ್ಪದಿರಲೆಂದು ತಟ್ಟೆಯ ಮೇಲೆ ಕತ್ತರಿಯಂತೆ ಎರಡು ತೋಳು ಕೊಟ್ಟಿರುತ್ತಾರೆ. ಒಂದು ಸಲ ಅಗಲ ಕಟ್ಟಿಟ್ಟರೆ ಪಿನ್ನು ಮುಂದೆ ಎಲ್ಲಿ ಕೂರಬೇಕೆಂದು ಅವೇ ತೋರಿಸುತ್ತವೆ. ನಾನು ಅವನ್ನು ಬಿಚ್ಚಿ ಡ್ರಾಯರಿಗೆ ಎಸೆದು ಎಷ್ಟೋ ವರ್ಷವಾಗಿತ್ತು. ಊರುಗೋಲು ಬೇಕಾದದ್ದು ಕುಂಟನಿಗೆ. ನಾನು ಹೆಬ್ಬೆರಳಿನಲ್ಲಿ ಸವರಿಕೊಂಡೇ ತೂತು ಎಣಿಸುತ್ತಿದ್ದೆ.

ಇನ್ನು ಆಯುಧಪೂಜೆಯ ವಿಷಯ ಹೇಳಬೇಕು. ಆ ದಿನ ನಮ್ಮ ಶೆಡ್ಡಿನ ಜನ ಆಡುತ್ತಿದ್ದ ಆಟ ನೋಡಿದರೆ ಮೈ ಉರಿಯುತ್ತಿತ್ತು. ಲೇತಿನ ಬೆಡ್ಡಿನ ಮೇಲೆ ಒದ್ದೆ ಕುಂಕುಮ ಚೆಲ್ಲುವರು, ಕಬ್ಬಿಣ ಹಿಡಿದು ತಿರುಗಿಸುವ ಚಕ್ಕಿಗೆ ಹಾರ ಸುತ್ತುವರು, ನಿಂಬೆಹಣ್ಣನ್ನು ಮಷೀನಿನ ಮೇಲೇ ಹಿಂಡುವರು. ನಾಲ್ಕು ದಿನ ಬಿಟ್ಟು ನೋಡಿದರೆ ಬೆಡ್ಡಿನ ತುಂಬ ತುಕ್ಕು. ಭಕ್ತಿಗೂ ಒಂದು ಬುದ್ಧಿ ಬೇಡವೇ? ನನ್ನ ಹೆಡ್ಡನ್ನು ಮುಟ್ಟಲು ಯಾರಿಗೂ ಬಿಡುತ್ತಿರಲಿಲ್ಲ. ನಾನೇ ತೊಳೆದು, ಒರೆಸಿ, ಎಣ್ಣೆ ಹಚ್ಚಿ, ಗಂಧ ಕುಂಕುಮ ಕಲಸಿ, ತಟ್ಟೆಯ ನಡುವಿನ ಹತ್ತಿರ ಹೆಬ್ಬೆರಳಿನಿಂದ ಒಂದೇ ಒಂದು ಬೊಟ್ಟು. ಪ್ರತಿ ವರ್ಷ ಅದೇ ಜಾಗ. ಮಾರನೆಯ ದಿನ ಕಾಟನ್ ವೇಸ್ಟಿನಲ್ಲಿ ಒಂದು ಸಲ ಒರೆಸಿದರೆ ಮುಗಿಯಿತು. ನೋಡಿ ಕಲಿಯಿರೋ ಎಂದು ಎಲ್ಲರಿಗೂ ಹೇಳುತ್ತಿದ್ದೆ.

ಹೆಡ್ಡಿನ ಮೇಲೆ ಬಿಳಿ ಶೂನವನ ಕಣ್ಣು ಬಿದ್ದಾಗ ನಾನು ಚಿಕ್ಕ ಯಜಮಾನನ ಗಾಜಿನ ಕೋಣೆಗೇ ನುಗ್ಗಿದೆ.

"ನಿಮ್ಮಪ್ಪ ಇದೇ ಹೆಡ್ಡಲ್ಲಿ ಹಲ್ಲು ಹೊಡ್ಸಿ ಹೊಡ್ಸೀನೇ ಕಣಪ್ಪಾ ನಿನ್ನ ಓದ್ಸಿದ್ದು."

"ಗೊತ್ತಣ್ಣ. ಆದ್ರೆ ಎಂಟು ತಿಂಗಳಿಂದ ಅದರಲ್ಲಿ ಏನ್ ಕೆಲಸ ಆಗಿದೆ ಹೇಳಿ? ಜಾಗ ತಿಂತಾ ಕೂತಿದೆ" ಎಂದ. ಅವನು ಎಂದೂ ದನಿ ಏರಿಸುತ್ತಿರಲಿಲ್ಲ. ಅದೂ ನನಗೆ ಸಿಟ್ಟು ತರಿಸುತ್ತಿತ್ತು.

ದೇವರು ನನ್ನ ಕಡೆ ಇದ್ದಾನೆ ಎನ್ನಿಸುವ ಹಾಗೆ ಎರಡೇ ದಿನದಲ್ಲಿ ದೊಡ್ಡಬಳ್ಳಾಪುರದಿಂದ ಒಬ್ಬ ಮಗ್ಗದವನು ಬಂದ. ಮನೆಯಲ್ಲೇ ಎರಡು ಪವರ್‌ಲೂಮ್ ಇಟ್ಟು ರೇಷ್ಮೆ ಸೀರೆ ನೇಯುವವನು. ಟವಲಿನಲ್ಲಿ ಸುತ್ತಿ ತಂದಿದ್ದ ಒಂದು ಮುರಿದ ಚಕ್ರವನ್ನು ಬೆಂಚಿನ ಮೇಲಿಟ್ಟ. ಗರಗಸದಂತೆ ಓರೆ ಹಲ್ಲು, ಒಟ್ಟು ಮೂವತ್ತೇಳು. ಮಗ್ಗ ಒಂದು ಎಳೆ ಹೆಣೆದಾಗ ಕೊಕ್ಕೆ ತಳ್ಳಿದಂತೆ ಈ ಚಕ್ರ ಒಂದು ಹಲ್ಲು ಮುಂದೆ ಹೋಗಿ ನೇಯ್ದ ಬಟ್ಟೆಯನ್ನು ಅಷ್ಟೇ ಎಳೆದುಕೊಳ್ಳುತ್ತದೆ. ಅಷ್ಟು ಹಳೆಯ ಮಗ್ಗಕ್ಕೆ ಅಂಗಡಿಯಲ್ಲಿ ಚಕ್ರ ಸಿಗುವುದಿಲ್ಲ. "ಮದ್ವೆ ಸೀರೆ ಸ್ವಾಮಿ, ಮಗ್ಗ ನಿಂತೋಗದೆ. ಬೇಗ ಮಾಡ್ಕೊಡಿ" ಎಂದ.

"ವೈರ್‌ಕಟ್‌ಗೆ ಕಳಿಸ್ಬಿಡೋಣ ಅಣ್ಣ, ಕಂಪ್ಯೂಟರಿಗೆ ಡ್ರಾಯಿಂಗ್ ಹಾಕಿದ್ರೆ ತಂತಿಲೇ ಹಲ್ಲು ಕೊಯ್ದು ಕೊಡ್ತಾರೆ" ಎಂದ ಚಿಕ್ಕ ಯಜಮಾನ.

"ಯಾತಕ್ಕೆ? ನನ್ ಹೆಡ್ಡು ಸತ್ತೋಗಿದ್ಯಾ?" ಎಂದೆ.

ಅವನು ಮುರಿದ ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡಿದ. "ಸರಿ. ಈ ಚಕ್ರ ಹೆಡ್ಡಲ್ಲೇ ಮಾಡಿ. ಇವರ ಮಗ್ಗ ನೆಟ್ಟಗೆ ಓಡಿದ್ರೆ ಹೆಡ್ಡು ಇಲ್ಲೇ ಇರತ್ತೆ, ನಾನು ಮತ್ತೆ ಕೇಳಲ್ಲ. ಓಡ್ಲಿಲ್ಲ ಅಂದ್ರೆ ವೈಟ್‌ಫೀಲ್ಡ್ ಟೆಂಪೊ ಬರತ್ತೆ, ನೀವು ಮಾತಾಡಂಗಿಲ್ಲ."

ನಾನು ನಕ್ಕುಬಿಟ್ಟೆ. ಮೂವತ್ತೇಳು ಹಲ್ಲು! ನಿದ್ದೆಗಣ್ಣಿನಲ್ಲಿ ಹೊಡೆಯುವ ಕೆಲಸ. ತಟ್ಟೆಯಲ್ಲಿ ಎಲ್ಲಕ್ಕಿಂತ ಒಳಗಿನ ಬಳೆಗೆ ಮೂವತ್ತೇಳೇ ತೂತು. ಪ್ರತಿ ಹಲ್ಲಿಗೂ ಹಿಡಿ ಒಂದು ಪೂರ್ತಿ ಸುತ್ತು, ಮೇಲೆ ಮೂರು ತೂತು. ಆ ಬಳೆಯನ್ನು ಮುಟ್ಟಿ ಬಹಳ ವರ್ಷವಾಗಿತ್ತು, ಅಷ್ಟೇ.

ಚಕ್ರದ ಬಿಲ್ಲೆ ಎರಡು ಕಡೆದಿಟ್ಟುಕೊಂಡೆ, ಒಂದು ಹೆಚ್ಚಿಗೆ ಇರಲಿ ಎಂದು. ಕಚಡಾ ಎತ್ತಲು, ಬಿಲ್ಲೆ ಹಿಡಿಯಲು ಜೊತೆಗಿದ್ದವನು ಕೊಪ್ಪಳ ಕಡೆಯವನು. ನಲವತ್ತು ದಾಟಿದ ಆಳು. ಮೊದಲು ಗಾರೆ ಕೆಲಸಕ್ಕೆಂದು ಬಂದವನು, ಎರಡು ವರ್ಷದ ಹಿಂದೆ ನಮ್ಮಲ್ಲಿ ಡ್ರಿಲ್ಲಿಂಗ್ ಮಷೀನಿಗೆ ಸೇರಿದ. ಲಗ್ಗೆರೆಯಲ್ಲೇ ಒಂದು ರೂಮಿನಲ್ಲಿ ಐದು ಜನ ಇದ್ದರು. ನನಗೆ ಅವನನ್ನು ಕಂಡರೆ ಅಷ್ಟಕ್ಕಷ್ಟೆ. ಊಟದ ಹೊತ್ತಿನಲ್ಲಿ ಕಟಕಟ ರೊಟ್ಟಿ ಮುರಿಯುವ ಸದ್ದು, ಮಾತಿಗೊಮ್ಮೆ ಯಾಕ್ರೀ, ಹೌದೇನ್ರೀ. ಅದೂ ಹೋಗಲಿ, ನಾನು ಕೆಲಸ ಮಾಡುವಾಗ ಕೈ ಕಟ್ಟಿ ನಿಂತು ನೋಡುತ್ತಿದ್ದ. ಗಾರೆಯವನಿಗೆ ಡಿವೈಡಿಂಗ್ ಹೆಡ್ ನೋಡಿ ಏನಾಗಬೇಕು?

ಕೆಲಸ ಚೆನ್ನಾಗಿ ಸಾಗಿತು. ಕತ್ತರಿಸು, ಪಿನ್ನು ಎಳೆ, ಒಂದು ಸುತ್ತು ತಿರುಗಿಸು, ಹೆಬ್ಬೆರಳಿನಲ್ಲಿ ಒಂದು ಎರಡು ಮೂರು, ಪಿನ್ನು ಬಿಡು. ಹನ್ನೆರಡು ಹಲ್ಲು ಮುಗಿದು ಹದಿಮೂರನೆಯದಕ್ಕೆ ಪಿನ್ನು ಕೂರಿಸಿದಾಗ ಅವನು ಬಗ್ಗಿ ನೋಡಿದ.

"ಅಣ್ಣಾರ, ಪಿನ್ನು ಮತ್ತ ಮೊದಲ ಹೊಂಟ ತೂತಿಗೇ ಬಂತಲ್ರೀ?"

ನನ್ನ ಮೂಗಿನ ಮೇಲೆ ಯಾವಾಗಲೂ ಇರುವ ಕೋಪ ಎದ್ದಿತು. "ಏನಯ್ಯಾ?"

"ಅಲ್ರೀ, ಮೂರ್ಮೂರು ಹೋದ್ರ ಮೂವತ್ತೇಳು ಬರಂಗಿಲ್ಲಲ್ರೀ. ಮೂವತ್ತಾರು ಬರ್ತೈತಿ. ಹೊಂಟಲ್ಲಿಗೇ ಬರಬಾರ್ದಿತ್ತು."

"ನೋಡಯ್ಯಾ, ಇದು ಇಟ್ಟಿಗೆ ಎಣಿಸೋ ಕೆಲಸ ಅಲ್ಲ. ಯಾವ ತೂತು ಯಾವುದು ಅಂತ ನಿನ್ಗೆ ಹೆಂಗ್ ಗೊತ್ತು? ಇಪ್ಪತ್ತು ವರ್ಷದಿಂದ ನಾನು ಕಡ್ಲೆಕಾಯಿ ತಿಂತಾ ಇದ್ನಾ? ಹೋಗಿ ಕೂಲೆಂಟ್ ತಾ."

ಅವನು ತರಲು ಹೋದ. ನಾನು ಮೂವತ್ತೇಳೂ ಹಲ್ಲು ಮುಗಿಸಿದೆ. ಅರದಲ್ಲಿ ಅಂಚು ಉಜ್ಜುವಾಗ ಕೊನೆಯ ಹಲ್ಲು ಯಾಕೋ ಬೆರಳಿಗೆ ಒಂಚೂರು ಇಕ್ಕಟ್ಟಾಗಿ ಸಿಕ್ಕಿತು. ಇದನ್ನು ಇವತ್ತು ಒಪ್ಪಿಕೊಳ್ಳುತ್ತೇನೆ, ಅವತ್ತು ನನಗೆ ನಾನೇ ಒಪ್ಪಿಕೊಳ್ಳಲಿಲ್ಲ. ಹೆಂಡತಿ ಚಾಳೀಸು ಮಾಡಿಸಿ ಕೊಟ್ಟಿದ್ದಳು, ಅದು ಊಟದ ಬ್ಯಾಗಿನಲ್ಲೇ ಇತ್ತು. ಕನ್ನಡಕ ಹಾಕಿಕೊಂಡು ಹಲ್ಲು ಅಳೆಯುವವರು ಗಾಜಿನ ಕೋಣೆಯವರು ಎಂದುಕೊಂಡು, ಚಕ್ರವನ್ನು ಒರೆಸಿ ಟವಲಿನಲ್ಲಿ ಸುತ್ತಿ ಮಗ್ಗದವನ ಕೈಗೆ ಕೊಟ್ಟೆ.

ಮುಂದಿನ ನಾಲ್ಕು ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ಬಿಳಿ ಶೂನವನು ಫೋನ್ ಮಾಡಿದಾಗ ಚಿಕ್ಕ ಯಜಮಾನ, "ಇಲ್ಲ, ಅದು ಕೊಡೋದು ಡೌಟು" ಎಂದದ್ದು ನನ್ನ ಕಿವಿಯಾರೆ ಕೇಳಿದೆ. ಬಟನ್ ಒತ್ತುವ ಹುಡುಗರ ಮುಂದೆ ಹೋಗಿ, "ಕರೆಂಟ್ ಹೋದ್ರೆ ನಿಮ್ ವಿದ್ಯೆ ಎಲ್ಲಿಗ್ ಹೋಗತ್ರೋ ಮಕ್ಳಾ?" ಎಂದು ಕೇಳಿಬಂದೆ. ನನ್ನ ಮಿಲ್ಲಿಂಗ್ ಮಷೀನೂ ಕರೆಂಟಿನಲ್ಲೇ ಓಡುವುದು ಎಂದು ಪಾಪ, ಒಬ್ಬನೂ ಹೇಳಲಿಲ್ಲ.

ಐದನೆಯ ದಿನ ಬೆಳಿಗ್ಗೆ ಮಗ್ಗದವನು ಬಂದ. ಒಂದು ಕೈಯಲ್ಲಿ ಚಕ್ರ, ಇನ್ನೊಂದು ಕೈಯಲ್ಲಿ ಮಡಿಚಿದ ಬಟ್ಟೆ. ಜಗಳ ಮಾಡಲಿಲ್ಲ. ಬೆಂಚಿನ ಮೇಲೆ ಒಂದು ಪೇಪರು ಹಾಸಿ ಅದರ ಮೇಲೆ ಬಟ್ಟೆಯನ್ನು ಬಿಡಿಸಿದ. ಅರಿಶಿನ ಬಣ್ಣದ ರೇಷ್ಮೆ. ಬೆಳಕಿಗೆ ಹಿಡಿದರೆ ಬೆರಳಗಲಕ್ಕೊಂದು ಅಡ್ಡಗೆರೆ, ಆ ತುದಿಯಿಂದ ಈ ತುದಿಯವರೆಗೆ. ಕೊಕ್ಕೆ ಹಲ್ಲಿಗೆ ಸರಿಯಾಗಿ ಸಿಕ್ಕದೆ ಜಾರಿದಾಗಲೆಲ್ಲ ಎಳೆಯ ಮೇಲೆ ಎಳೆ ಕೂತಿತ್ತು.

"ಒಂದೂವರೆ ಸೀರೆ ಹಿಂಗಾಗೋಯ್ತು ಸ್ವಾಮಿ. ನನ್ ಹೆಂಡ್ರು ಮಗ್ಗದ ಮುಂದೆ ಕುಂತು ಅಳ್ತಾವ್ಳೆ. ನಿಮ್ ಚಕ್ರದಾಗೆ ಹಲ್ಲು ಸಮ ಇಲ್ಲ" ಎಂದ.

"ನಿನ್ ಮಗ್ಗದಲ್ಲೇ ದೋಷ ಇರ್ಬೇಕು" ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಗಾದೆ ನನಗಾಗಿಯೇ ಹುಟ್ಟಿದ್ದು. ಚಿಕ್ಕ ಯಜಮಾನ ಅಳತೆ ಮಾಡುವ ಹುಡುಗನನ್ನು ಕರೆದ. ಮೂರು ಕಡೆ ಹಲ್ಲು ಅಗಲ, ಕೊನೆಯದು ಇಕ್ಕಟ್ಟು. ನಾನು ಹೆಡ್ಡನ್ನು ಬೈದೆ, ಒಳಗೆ ಚಕ್ರ ತಿರುಗಿಸುವ ವರ್ಮ್ ಸವೆದಿರಬೇಕು ಎಂದೆ. ಇಪ್ಪತ್ತು ವರ್ಷ ಪೂಜೆ ಮಾಡಿದ ಸಾಮಾನಿನ ಮೇಲೆ ಎರಡೇ ನಿಮಿಷದಲ್ಲಿ ತಪ್ಪು ಹೊರಿಸಿದೆ. ಎಂಥ ಮನುಷ್ಯ ನೋಡಿ ನಾನು!

ಆಗ ಕೊಪ್ಪಳದವನು ಹೆಡ್ಡಿನ ಹತ್ತಿರ ಹೋದ. ಪೊರಕೆಯಿಂದ ಒಂದು ಕಡ್ಡಿ ಮುರಿದುಕೊಂಡು ಒಳಗಿನ ಬಳೆಯ ಒಂದೊಂದೇ ತೂತಿಗೆ ಚುಚ್ಚುತ್ತಾ ಗಟ್ಟಿಯಾಗಿ ಎಣಿಸಿದ. ಮೂವತ್ತಾರಕ್ಕೆ ನಿಂತ.

"ಪಕ್ಕದಲ್ಲೇ ಮೂವತ್ತೇಳು ಅಂತ ಒತ್ತಿದಾರಲ್ಲೋ, ಕಣ್ ಕಾಣಲ್ವಾ?" ಎಂದು ರೇಗಿದೆ.

ಅವನು ಎರಡು ತೂತಿನ ನಡುವೆ ಜಾಗ ಹೆಚ್ಚಿರುವ ಕಡೆ ಉಗುರಿನಿಂದ ಕೆರೆದ. ಆಮೇಲೆ ಗೆರೆ ಎಳೆಯುವ ಉಕ್ಕಿನ ಮೊಳೆ ತಗೊಂಡು ಒತ್ತಿ ತಿರುಗಿಸಿದ. ಮೇಲಿನ ಕಪ್ಪು ಎಣ್ಣೆಯ ಹೊಪ್ಪಳೆ ಎದ್ದುಬಂತು. ಅದರ ಹಿಂದೆ ಅವನ ಅಂಗೈಗೆ ಉದುರಿದ್ದು ಕೆಂಪು ಪುಡಿ.

ಕುಂಕುಮ. ವರ್ಷವರ್ಷವೂ ಅದೇ ಜಾಗಕ್ಕೆ ಹೆಬ್ಬೆರಳಿನಿಂದ ಒತ್ತಿದ ಗಂಧ ಕುಂಕುಮ, ಮೇಲೆ ಎಣ್ಣೆ, ಮೇಲೆ ಕಾಟನ್ ವೇಸ್ಟಿನ ಒರೆಸು. ಬಣ್ಣದವರು ಲಪ್ಪ ಮೆತ್ತಿದ ಹಾಗೆ ತೂತು ಮುಚ್ಚಿ ಸಮವಾಗಿತ್ತು. ನನ್ನ ಹೆಬ್ಬೆರಳು ಹನ್ನೆರಡು ಹಲ್ಲಿಗೊಂದು ಸಲ ಅದನ್ನು ದಾಟಿ, ಮೂರೆಂದು ನಾಲ್ಕು ತೂತು ಮುಂದೆ ಹೋಗಿತ್ತು. ತೋಳು ಕಟ್ಟಿದ್ದಿದ್ದರೆ ಆ ಮುಚ್ಚಿದ ತೂತಿನ ಮೇಲೆ ಬಂದಾಗ ಪಿನ್ನು ಕೂರುತ್ತಲೇ ಇರಲಿಲ್ಲ, ಆ ಕ್ಷಣವೇ ಗೊತ್ತಾಗುತ್ತಿತ್ತು. ಶೆಡ್ಡಿನಲ್ಲಿ ಆ ತಟ್ಟೆಗೆ ಬೊಟ್ಟು ಇಡುವವನು ಒಬ್ಬನೇ ಎಂಬುದು ಎಲ್ಲರಿಗೂ ಗೊತ್ತಿತ್ತು. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸುವವರ ಬಗ್ಗೆ ನಾನೇ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದೆ. ಅವತ್ತು ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು, ಬೈದುಕೊಂಡಾದರೂ ನಿಲ್ಲಬಹುದಿತ್ತು.

"ಯಾರಾನ ಮಾಡ್ಕೊಡಿ ಸ್ವಾಮಿ, ಸೀರೆಯೋರು ಬಾಗ್ಲಿಗೆ ಬಂದವ್ರೆ" ಎಂದ ಮಗ್ಗದವನು.

ಇನ್ನೊಂದು ಬಿಲ್ಲೆ ಬೆಂಚಿನ ಮೇಲೆ ಇತ್ತು. ನನ್ನ ಕೈ ಅತ್ತ ಹೋಗಲಿಲ್ಲ. ಕೊಪ್ಪಳದವನು ಡ್ರಾಯರು ತೆಗೆದು ಹುಡುಕಿ, ನಾನು ಎಸೆದಿದ್ದ ಎರಡು ತೋಳುಗಳನ್ನು ತಂದು ಸೀಮೆಎಣ್ಣೆಯಲ್ಲಿ ತೊಳೆದ. "ನಾ ಮಾಡ್ಲೇನ್ರೀ?" ಎಂದು ಕೇಳಿದ್ದು ಯಜಮಾನನನ್ನಲ್ಲ, ನನ್ನನ್ನು. ನಾನು ತಲೆಯಾಡಿಸಿದೆ. ಮೂರು ತೂತಿನ ಅಗಲಕ್ಕೆ ತೋಳು ಕಟ್ಟಿದ. ಹೊರಟ ತೂತಿಗೆ ಸೀಮೆಸುಣ್ಣದ ಗುರುತು ಹಾಕಿದ. ಅವಸರವಿಲ್ಲ, ಠೀವಿಯಿಲ್ಲ. ಹದಿಮೂರನೆಯ ಹಲ್ಲಿಗೆ ಪಿನ್ನು ಗುರುತಿಗಿಂತ ಒಂದು ತೂತು ಹಿಂದೆ ಕೂತಿತು. ಕೂರಬೇಕಾದದ್ದೇ ಅಲ್ಲಿ. ನಾನು ಬ್ಯಾಗಿನಿಂದ ಚಾಳೀಸು ತೆಗೆದು ಹಾಕಿಕೊಂಡು ಕೊನೆಯವರೆಗೂ ನಿಂತು ನೋಡಿದೆ. ಎರಡು ವರ್ಷ ಅವನು ನಿಲ್ಲುತ್ತಿದ್ದ ಹಾಗೆ, ಕೈ ಕಟ್ಟಿಕೊಂಡು.

ಮಗ್ಗ ಓಡಿತು. ಮೂರನೆಯ ದಿನ ಮಗ್ಗದವನಿಂದ ಫೋನ್ ಬಂತು, ಬಟ್ಟೆ ಕನ್ನಡಿ ಇದ್ದ ಹಾಗೆ ಬರುತ್ತಿದೆಯಂತೆ. ಚಿಕ್ಕ ಯಜಮಾನ ಮಾತಿಗೆ ತಪ್ಪಲಿಲ್ಲ. "ಹೆಡ್ಡು ಇಲ್ಲೇ ಇರತ್ತೆ ಅಣ್ಣ" ಎಂದ. ಜೊತೆಗೇ, "ಇನ್ಮೇಲೆ ಅದನ್ನ ಕೊಪ್ಪಳದವರು ನೋಡ್ಕೊಳ್ಳಲಿ. ನೀವು ಶೇಪಿಂಗ್ ಮಷೀನ್ ನೋಡಿ" ಎಂದ. ಬಿಳಿ ಶೂನವನ ಗೋಡೆಯಿಂದ ಅದನ್ನು ಉಳಿಸಿಕೊಂಡೆ, ನನ್ನ ಕೈಯಿಂದ ಕಳೆದುಕೊಂಡೆ. ತಪ್ಪು ಚಿಕ್ಕ ಯಜಮಾನನದೆಂದು ಹೇಳಲು ಬಹಳ ಪ್ರಯತ್ನಪಟ್ಟೆ, ಸಾಧ್ಯವಾಗಲಿಲ್ಲ.

ಆ ವರ್ಷದ ಆಯುಧಪೂಜೆ ಬಂತು. ಉಳಿದವರು ಎಂದಿನಂತೆ ಬೆಡ್ಡಿನ ಮೇಲೆ ಕುಂಕುಮ ಚೆಲ್ಲಿದರು, ನಾನು ಬೈಯಲಿಲ್ಲ. ಬೈಯಲು ಬಾಯಿ ಎಲ್ಲಿತ್ತು? ಕೊಪ್ಪಳದವನು ಹೆಡ್ಡನ್ನು ತೊಳೆದು, ಒಂದೊಂದು ತೂತಿಗೂ ಕಡ್ಡಿ ಹಾಕಿ ನೋಡಿ, ಎಣ್ಣೆ ಹಚ್ಚಿ ಸ್ಟೂಲಿನ ಮೇಲೆ ಕೂರಿಸಿದ್ದ. ಗಂಧ ಕುಂಕುಮದ ಬಟ್ಟಲು ಹಿಡಿದು ನನ್ನ ಹತ್ತಿರ ಬಂದ.

"ಅಣ್ಣಾರ, ಬರ್ರಿ. ಬೊಟ್ಟು ನೀವ ಇಡಬೇಕು."

"ನಾನ್ಯಾಕಯ್ಯಾ, ಈಗ ಅದು ನಿನ್ದು" ಎಂದೆ.

"ಇಷ್ಟು ವರ್ಷ ನೀವ ಇಟ್ಟೀರಿ, ಇವತ್ತೂ ನೀವ ಇಡ್ರಿ" ಎಂದು ಬಟ್ಟಲನ್ನು ನನ್ನ ಕೈಗೆ ಕೊಟ್ಟ. "ಎಲ್ಲಿ ಇಡಬೇಕಂತ ನಾ ತೋರಸ್ತೀನಿ."